ಜಿನೀವಾಕ್ಕೆ ಕಳಿಸಿದ ಹೇಳಿಕೆ ವಾಪಸ್ ಬಂದದ್ದೇಕೆ?

ಅವಿಭಕ್ತ ಕುಟುಂಬದ ಪರವಾಗಿ ನಿಮ್ಮ ಟ್ರಸ್ಟ್ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಗೆ ಕಳಿಸಿದ ಹೇಳಿಕೆ ವಾಪಸಾಗಲು ಅದರ ವಿಷಯ ಕಾರಣ ಅಲ್ಲ ಅನಿಸುತ್ತದೆ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಸಲಹಾ ಸ್ಥಾನಮಾನ (ಸರ್ಕಾರೇತರ ಸಂಸ್ಥೆಗಳಿಗೆ ಕೊಡುವ ಮಾನ್ಯತೆ) ಇಲ್ಲದ ಸಂಸ್ಥೆಯ ಲಿಖಿತ ಹೇಳಿಕೆಯನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಮೊದಲು ಆ ಸ್ಥಾನಮಾನಕ್ಕೆ ಅರ್ಜಿ ಹಾಕಿ. ಟ್ರಸ್ಟ್ ನೋಂದಣಿಯಾಗಿ 2 ವರ್ಷ ಕಳೆದಿರಬೇಕು. ನಿಮ್ಮದು ಯಾವಾಗ ಆಯಿತೆಂದು ಬರೆದಿಲ್ಲ, ನೋಡಿಕೊಳ್ಳಿ. ಜೂನ್ 1ರೊಳಗೆ ಸಲ್ಲಿಸಿದ್ದು ಮರುವರ್ಷ 19 ದೇಶಗಳ ಸಮಿತಿ ಮುಂದೆ ಬರುತ್ತದೆ. ಒಂದೇ ದೇಶ ಪ್ರಶ್ನೆ ಕೇಳಿದರೂ ತೀರ್ಮಾನ ಮುಂದೂಡಿಕೆಯಾಗಬಹುದು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ದೇಶದ ಮಾನವ ಹಕ್ಕುಗಳ ಸ್ಥಿತಿಯನ್ನು ಸರದಿಯಂತೆ ನೋಡುವ ಸಾರ್ವತ್ರಿಕ ಪರಿಶೀಲನೆಗೆ (ಯುಪಿಆರ್) ಈ ಸ್ಥಾನಮಾನ ಬೇಡ. ಅದಕ್ಕೆ ಕಳಿಸುವ ಬರಹ ಒಂದೇ ಸಂಸ್ಥೆಯದಾದರೆ ಹೆಚ್ಚೆಂದರೆ 2815 ಪದ, ಹಲವರು ಸೇರಿದರೆ 5630. ಭಾರತದ ಸರದಿಯ ಗಡುವು ನೋಡಿ ಕಳಿಸಿ.

ಕರಡನ್ನೂ ತಿದ್ದಿ. ‘ನಮ್ಮ ಸನಾತನ ಪರಂಪರೆಯಲ್ಲಿ’ ಎಂದು ಶುರುವಾಗುವ ಆ ಎರಡು ಪ್ಯಾರಾ ತೆಗೆದುಬಿಡಿ, ಅಲ್ಲಿ ಯಾರೂ ಓದುವುದಿಲ್ಲ. ಅದರ ಬದಲು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 23ನೇ ವಿಧಿಯಿಂದ ಶುರುಮಾಡಿ: ಕುಟುಂಬ ಸಮಾಜದ ಸಹಜ, ಮೂಲಭೂತ ಘಟಕ, ಅದಕ್ಕೆ ಸಮಾಜದ ಮತ್ತು ಪ್ರಭುತ್ವದ ರಕ್ಷಣೆ ಸಿಗಬೇಕು. 1979ರಿಂದ ಭಾರತ ಇದಕ್ಕೆ ಬದ್ಧ. ನಂತರ ಕುಟುಂಬ ರಕ್ಷಣೆ ಕುರಿತು ಮಾನವ ಹಕ್ಕುಗಳ ಮಂಡಳಿಯೇ ಮಾಡಿದ 2015ರ 29/22 ನಿರ್ಣಯ ಸೇರಿಸಿ. ಅದು 29–14 ಮತಗಳಿಂದ ಅಂಗೀಕಾರವಾಯಿತು. ಕುಟುಂಬದ ವಿವಿಧ ರೂಪಗಳನ್ನು ಅದರಲ್ಲಿ ಹೇಳಿಲ್ಲ ಎಂಬುದೇ ವಿರೋಧಿಸಿದವರ ಮುಖ್ಯ ತಕರಾರು.

ಆ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ‘ಅವಿಭಕ್ತ ಕುಟುಂಬವೊಂದೇ ಕುಟುಂಬ’ ಎಂದು ಬರೆಯಬೇಡಿ. ಕುಟುಂಬದ ಕಲ್ಪನೆ ದೇಶದಿಂದ ದೇಶಕ್ಕೆ, ಒಂದೇ ದೇಶದೊಳಗೂ ಬದಲಾಗಬಹುದು ಎಂದು, ಆ ಒಡಂಬಡಿಕೆಯ ಪಾಲನೆ ನೋಡುವ ಮಾನವ ಹಕ್ಕುಗಳ ಸಮಿತಿಯ (ಇದು ಮಂಡಳಿಯಲ್ಲ, ಬೇರೆ) 1990ರ 19ನೇ ಸಾಮಾನ್ಯ ಟಿಪ್ಪಣಿ ಹೇಳುತ್ತದೆ. ಅಜ್ಜ-ಅಜ್ಜಿ, ಚಿಕ್ಕಪ್ಪಂದಿರು ಸೇರಿದ ಮನೆಗೆ ಅದೇ ಆಧಾರ.