ಹೆಂಗಸರು ತೊಡುವ ಲೋಹದ ಕವಚ: ರಕ್ಷಣೆಯೋ, ಬರೀ ವೇಷವೋ?

ಮಧ್ಯಯುಗದ ಯುರೋಪಿನ ಕವಚದ ಮಾದರಿಯಲ್ಲಿ ಮಾಡಿದ ಲೋಹದ ಉಡುಗೆಯನ್ನು ಹೆಂಗಸರು ತೊಟ್ಟರೆ ಅದರಲ್ಲಿ ರಕ್ಷಣೆ ಏನಿದೆ, ಬರೀ ವೇಷ ಅಲ್ವಾ ಅಂತ ಕೇಳಿದ್ದೀರಿ. ನಾನು ಉಕ್ಕಿನ ಚಿಕ್ಕ ಚಿಕ್ಕ ರಿಂಗ್ ಹೆಣೆದು ಕೊರಳು, ಭುಜ ಮುಚ್ಚುವ ಉಡುಗೆ ಮಾಡುತ್ತೇನೆ. ನನಗೆ ಅದು ವೇಷ ಅನ್ನಿಸಿಲ್ಲ.

ಸಿನಿಮಾ, ಗೇಮ್‌ಗಳಲ್ಲಿ ಹೆಣ್ಣಿನ ಎದೆಗವಚಕ್ಕೆ ಎರಡು ಬಟ್ಟಲು ಕೂರಿಸಿರುತ್ತಾರಲ್ಲ, ಅದು ತಪ್ಪು ಲೆಕ್ಕ. ಆಗಿನ ಉಕ್ಕಿನ ಎದೆಗವಚ ಹೊರಕ್ಕೆ ಉಬ್ಬಿರುತ್ತಿತ್ತು, ಬಿದ್ದ ಏಟು ಪಕ್ಕಕ್ಕೆ ಜಾರಲಿ ಅಂತ. ಎರಡು ಬಟ್ಟಲಿಟ್ಟರೆ ನಡುವಿನ ತಗ್ಗು ಕತ್ತಿಯ ಮೊನೆಯನ್ನು ಎದೆಮೂಳೆಯ ಕಡೆಗೇ ತಿರುಗಿಸುತ್ತದೆ. ಅದು ನೋಡುವವರ ಕಣ್ಣಿಗೆ ಮಾಡಿದ್ದು. ನಾನಂತೂ ಹಾಗೆ ಮಾಡುವುದಿಲ್ಲ. ಗಂಡಸರ ಕವಚವೂ ಬರೀ ಯುದ್ಧಕ್ಕಾಗಿ ಇರಲಿಲ್ಲ ಅನ್ನಿ. ಇಂಗ್ಲೆಂಡಿನ ಎಂಟನೇ ಹೆನ್ರಿಯ 1540ರ ಕವಚದಲ್ಲಿ ತೊಡೆಸಂದಿಯ ಮೇಲೆ ಉಕ್ಕಿನದೇ ದೊಡ್ಡ ಉಬ್ಬು ಇದೆ. ಗಂಡಸುತನ ತೋರಿಸಲೂ ಉಕ್ಕನ್ನೇ ಬಡಿದಿದ್ದಾರೆ.

ನನ್ನ ಮನಸ್ಸಲ್ಲಿ ಕೂತಿರುವವಳು ಜೋನ್ ಆಫ್ ಆರ್ಕ್, ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಸೈನ್ಯದ ಮುಂದೆ ನಿಂತ ಹಳ್ಳಿ ಹುಡುಗಿ. 1429ರಲ್ಲಿ ಫ್ರಾನ್ಸಿನ ತೂರ್ ಊರಲ್ಲಿ 100 ಲಿವ್ರ್ (ಆಗಿನ ಫ್ರೆಂಚ್ ಹಣ) ಕೊಟ್ಟು ಅವಳಿಗೆ ಕವಚ ಮಾಡಿಸಿದರು. ಆದರೂ ಓರ್ಲಿಯಾನ್ ಕಾಳಗದಲ್ಲಿ ಕೊರಳು, ಭುಜದ ನಡುವೆ ಬಾಣ ನೆಟ್ಟಿತು. ಆಮೇಲೆ ಶತ್ರುಗಳ ಕೈಗೆ ಸಿಕ್ಕಿ ಸೆರೆಮನೆ. ಅಲ್ಲಿ ಉಕ್ಕಿಲ್ಲ, ಸುತ್ತ ಗಂಡು ಕಾವಲುಗಾರರು. ಗಂಡಸರ ಉಡುಪನ್ನೇ ಲಾಡಿಗಳಿಂದ ಬಿಗಿಯಾಗಿ ಕಟ್ಟಿಕೊಂಡಿದ್ದಳು, ಯಾರೂ ಮೈಮೇಲೆ ಬರಬಾರದು ಅಂತ. 1431ರಲ್ಲಿ ಅವಳನ್ನು ಜೀವಂತ ಸುಟ್ಟರು. ಅವಳ ಮೇಲೆ ಹೊರಿಸಿದ ತಪ್ಪುಗಳಲ್ಲಿ ಆ ಗಂಡುಡುಪೂ ಒಂದು.

ಇದನ್ನು ಓದಿದ ಮೇಲೆ ನನ್ನ ಕೆಲಸವೇ ಬದಲಾಯಿತು. ಒಂದು ರಿಂಗಿಗೆ ನಾಲ್ಕು ರಿಂಗ್ ಕೋದು, ಎರಡು ಇಕ್ಕಳದಲ್ಲಿ ಬಾಯಿ ಮುಚ್ಚುವುದು ಮೊದಲಿನಂತೆಯೇ. ಆದರೆ ಆಗ ಕೊಂಡಿಯನ್ನು ಬೆನ್ನಿಗೆ ಇಡುತ್ತಿದ್ದೆ, ಮುಂದೆ ಚೆಂದ ಕಾಣಲಿ ಅಂತ. ಹಾಕಲು, ಬಿಚ್ಚಲು ಇನ್ನೊಬ್ಬರು ಬೇಕಾಗುತ್ತಿತ್ತು. ಈಗ ಕೊಂಡಿ ಮುಂದೆಯೇ, ಎಡ ಭುಜದ ಹತ್ತಿರ. ತೊಟ್ಟವಳ ಬೆರಳಿಗೇ ಮೊದಲು ಸಿಗಬೇಕು.

ಹಾಕಿಕೊಂಡ ಕೂಡಲೇ ಉಕ್ಕು ತಣ್ಣಗೆ ಕೊರೆಯುತ್ತದೆ. ಸ್ವಲ್ಪ ಹೊತ್ತಿಗೆ ಮೈಬಿಸಿ ಹಿಡಿದು, ಬಟ್ಟೆಯ ಹಾಗೆ ಭುಜದ ಮೇಲೆ ಇಳಿದು ಕೂರುತ್ತದೆ. ಭಾರಕ್ಕೆ ಬೆನ್ನು ತಾನಾಗೇ ನೆಟ್ಟಗಾಗುತ್ತದೆ. ನನ್ನ ರಿಂಗ್‌ಗಳಿಗೆ ಹಳೇ ಕವಚದ ಹಾಗೆ ರಿವೆಟ್ (ಬಾಯಿ ಬಿಚ್ಚದಂತೆ ಬಿಗಿಯುವ ಪುಟ್ಟ ಮೊಳೆ) ಹೊಡೆದಿಲ್ಲ, ಕತ್ತಿಯನ್ನು ತಡೆಯಲಾರವು. ಆದರೂ ಅದನ್ನು ತೊಟ್ಟು ಬಸ್ಸಲ್ಲಿ ನಿಂತಾಗ ಮೈ ಕುಗ್ಗಿಸಿಕೊಳ್ಳುವ ನನ್ನ ಹಳೇ ಅಭ್ಯಾಸ ಬರುವುದಿಲ್ಲ. ನೀವೂ ಒಂದು ಮಾಡಿಸುವುದಾದರೆ, ಕೊಂಡಿ ಎಲ್ಲಿ ಇಡುತ್ತೀರಿ ಅಂತ ಮೊದಲು ಕೇಳಿ.