ಗೋಲು ಹೊಡೆಯದ ಮಗ

ಪ್ರಶ್ನೆ: ನಾವು ಧಾರವಾಡದವರು, ಪುಣೆಯ ಕೋಥರೂಡ್‌ನಲ್ಲಿದ್ದೇವೆ. ಹದಿನಾಲ್ಕರ ಮಗ ಗಾಲಿ ಸ್ಕೇಟಿಂಗ್ ಬಿಟ್ಟು ಐಸ್ ಹಾಕಿಗೆ ಹೊರಳಿದ್ದಾನೆ. ಚಳಿಗಾಲದಲ್ಲಿ ಲೇಹ್‌ಗೆ ಹೋಗಿ ಡಿಫೆನ್ಸ್ ಆಡುತ್ತಾನೆ. ಈ ಸಲ ಒಂದೂ ಗೋಲಿಲ್ಲ. ಮುಂದಿನ ಸಾಲಿನಲ್ಲಿ ಆಡಿಸು ಎಂದು ಮಾವನವರ ಹಟ. ಏನು ಮಾಡಲಿ?

ಉತ್ತರ: ತಾಯಿ, ಮಾವನವರಿಗೆ ಮೊದಲು ಒಂದು ಕಪ್ ಚಹಾ ಕೊಡಿ. ಡಿಫೆನ್ಸ್ ಆಟಗಾರನ ಗೋಲು ಎಣಿಸುವುದೆಂದರೆ ಕಾವಲುಗಾರನ ಫಸಲು ಅಳೆದಂತೆ. ಹಿಮ್ಮುಖವಾಗಿ ಜಾರುವಾಗ ವೇಗ ಉಳಿಯುತ್ತದೆಯೇ? ಎದುರಾಳಿಯಿಂದ ಕೋಲಿನಳತೆಯ ಅಂತರ ಕಾಯುತ್ತಾನೆಯೇ? ಮೂಲೆಯ ಪಕ್ (ಆಟದ ರಬ್ಬರ್ ಬಿಲ್ಲೆ) ಮುಟ್ಟುವ ಮುನ್ನ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆಯೇ? ನನಗೆ ಈ ಮೂರನೆಯದೇ ಮುಖ್ಯ. ನೋಡದವನಿಗೆ ಪಾಸ್ ಕೊಡಲು ಸಮಯವೇ ಸಿಗದು. ಗಾಲಿಯಲ್ಲಿ ಕಲಿತವರಿಗೆ ಅಲಗಿನ ಅಂಚಿನಲ್ಲಿ ತಟ್ಟನೆ ನಿಲ್ಲುವುದೂ ಹೊಸ ಪಾಠ.

ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್ ಅವರನ್ನು 1989ರಲ್ಲಿ, ತಂಡಗಳೆಲ್ಲ ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಅಮೆರಿಕದ ಡೆಟ್ರಾಯಿಟ್ ತಂಡ ಆರಿಸಿದ್ದು 53ನೆಯವರಾಗಿ. ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಮೊದಲು ಸಿಕ್ಕಿದ್ದು 31ನೆಯ ವಯಸ್ಸಿನಲ್ಲಿ, 2001ರಲ್ಲಿ. ಆಮೇಲೆ ಇನ್ನೂ ಆರು ಬಾರಿ. ಮಾವನವರಿಗೆ ಇದನ್ನು ಓದಿ ಹೇಳಿ, ಚಹಾ ಆರುವ ಮೊದಲು.