ಟ್ರೈನರ್ ಕೆಲಸ ಬಿಟ್ಟು ರೀಲ್ಸ್ ನಂಬಿಕೊಳ್ಳಬಹುದಾ?

ಜಿಮ್‌ನಲ್ಲಿ ಟ್ರೈನರ್ ಆಗಿದ್ದೀರಿ, ಇನ್‌ಸ್ಟಾಗ್ರಾಮ್‌ನಲ್ಲಿ ಹತ್ತು ಸಾವಿರ ಫಾಲೋವರ್ಸ್ ಆಗಿದ್ದಾರೆ, ಕೆಲಸ ಬಿಡಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನೂ ಬೆಂಗಳೂರಿನ ಜಿಮ್‌ನಿಂದಲೇ ಬಂದವನು. ಈಗ ಹೆಚ್ಚಿನ ದುಡ್ಡು ಆನ್‌ಲೈನ್‌ನಿಂದ ಬರುತ್ತದೆ, ಆದರೂ ಬೆಳಗಿನ ಬ್ಯಾಚ್ ಬಿಟ್ಟಿಲ್ಲ.

ಫಾಲೋವರ್ಸ್ ಲೈಕ್ ಕೊಡುತ್ತಾರೆ, ದುಡ್ಡು ಕೊಡುವವರು ಬೇರೆ. ಇಂಗ್ಲೆಂಡಿನ ಜೋ ವಿಕ್ಸ್ ಅವರನ್ನೇ ನೋಡಿ. ಪಾರ್ಕ್‌ನಲ್ಲಿ ಬೂಟ್‌ಕ್ಯಾಂಪ್, ಅಂದರೆ ಗುಂಪು ವ್ಯಾಯಾಮದ ಕ್ಲಾಸ್ ನಡೆಸುತ್ತಿದ್ದ ಟ್ರೈನರ್. 2014ರಲ್ಲಿ ಇನ್‌ಸ್ಟಾಗ್ರಾಮ್‌ಗೆ 15 ಸೆಕೆಂಡಿನ ಅಡುಗೆ ವಿಡಿಯೋ ಹಾಕೋಕೆ ಶುರು ಮಾಡಿದರು. ವಿಡಿಯೋ ಪುಕ್ಕಟೆ. ದುಡ್ಡು ಬಂದದ್ದು 90 ದಿನದ ಆನ್‌ಲೈನ್ ಪ್ಲಾನ್‌ನಿಂದ, ಆಮೇಲೆ ಪುಸ್ತಕಗಳಿಂದ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಮಕ್ಕಳಿಗೆ ಯೂಟ್ಯೂಬ್‌ನಲ್ಲಿ ಲೈವ್ ಪಿಟಿ ಕ್ಲಾಸ್ ಮಾಡಿದರು. ಒಂದು ಕ್ಲಾಸನ್ನು ಒಂದೇ ಹೊತ್ತಿಗೆ 9,55,185 ಮಂದಿ ನೋಡಿದ್ದು ಗಿನ್ನೆಸ್ ದಾಖಲೆ. ಅಷ್ಟು ಹೊತ್ತಿಗೆ ಅವರು ಆರು ವರ್ಷದಿಂದ ವಿಡಿಯೋ ಹಾಕುತ್ತಿದ್ದರು ಅನ್ನೋದನ್ನು ಯಾರೂ ಹೇಳಲ್ಲ.

ಆಸ್ಟ್ರೇಲಿಯಾದ ಕೇಲಾ ಇಟ್ಸಿನೆಸ್ ಕಥೆಯೂ ಹೆಚ್ಚುಕಡಿಮೆ ಹೀಗೇ. ಅಡಿಲೇಡ್‌ನಲ್ಲಿ ತಾನು ತರಬೇತಿ ಕೊಟ್ಟ ಹೆಂಗಸರ ಮೊದಲಿನ-ಆಮೇಲಿನ ಫೋಟೋ ಹಾಕುತ್ತಿದ್ದರು. ಆಮೇಲೆ ಇ-ಬುಕ್, ಅದಾದ ಮೇಲೆ ಆ್ಯಪ್. 2021ರಲ್ಲಿ ಕಂಪನಿಯನ್ನು ಅಮೆರಿಕದವರಿಗೆ ಮಾರಿದರು, 2023ರಲ್ಲಿ ವಾಪಸ್ ಕೊಂಡುಕೊಂಡರು. ಇಬ್ಬರ ಹತ್ತಿರವೂ ಮಾರೋಕೆ ಸ್ವಂತದ್ದೊಂದು ಇತ್ತು. ನಿಮ್ಮ ಹತ್ತಿರ ಏನಿದೆ?

ಬ್ರ್ಯಾಂಡ್ ಡೀಲ್ ಅಂತೀರಾ? ಹತ್ತು ಸಾವಿರ ಫಾಲೋವರ್ಸ್ ಇರೋರಿಗೆ ಜಾಸ್ತಿ ಬರೋದು ಬಾರ್ಟರ್, ಅಂದರೆ ದುಡ್ಡಿನ ಬದಲು ವಸ್ತು. ಒಂದು ಡಬ್ಬ ವೇ ಪ್ರೋಟೀನ್ ಕಳಿಸಿ ಮೂರು ರೀಲ್ಸ್ ಕೇಳುತ್ತಾರೆ. ಡಬ್ಬದಿಂದ ಮನೆ ಬಾಡಿಗೆ ಕಟ್ಟೋಕಾಗುತ್ತಾ? ಇನ್ನೊಂದು, 2022ರ ಜುಲೈನಿಂದ ಒಂದೇ ಕಂಪನಿ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ವಸ್ತು ಕೊಟ್ಟರೆ ಅದಕ್ಕೂ 10% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಇದೆ. ಜೊತೆಗೆ 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ ನಿಯಮ ತಂದಿದೆ. ಫಿಟ್‌ನೆಸ್ ಎಕ್ಸ್‌ಪರ್ಟ್ ಅಂತ ಆರೋಗ್ಯದ ಸಲಹೆ ಕೊಡುವವರು ತಮ್ಮ ಸರ್ಟಿಫಿಕೇಟ್ ವಿಷಯ ತಿಳಿಸಬೇಕು. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ ಅಂತಲೂ ಹೇಳಬೇಕು. ‘ಅಣ್ಣಾ, ಶುಗರ್ ಇದೆ, ಡಯಟ್ ಪ್ಲಾನ್ ಕೊಡಿ’ ಅಂತ ಮೆಸೇಜ್ ಬಂದೇ ಬರುತ್ತದೆ. ಅವರನ್ನು ಡಾಕ್ಟರ್ ಹತ್ತಿರ ಕಳಿಸಿ.

ಬೆಳಗಿನ ಬ್ಯಾಚ್ ಯಾಕೆ ಬಿಟ್ಟಿಲ್ಲ ಅಂದರೆ, ನನ್ನ ಸರಕು ಹುಟ್ಟೋದೇ ಅಲ್ಲಿ. ರಿಟೈರ್ ಆದ ಮೇಷ್ಟ್ರೊಬ್ಬರು ಬರುತ್ತಾರೆ. ಸ್ಕ್ವಾಟ್‌ಗೆ, ಅಂದರೆ ಬಸ್ಕಿಗೆ ಕೂತರೆ ಹಿಮ್ಮಡಿ ಮೇಲೇಳುತ್ತಿತ್ತು, ಮೈ ಮುಂದಕ್ಕೆ ವಾಲುತ್ತಿತ್ತು. ಎರಡೂ ಹಿಮ್ಮಡಿ ಕೆಳಗೆ ಎರಡೂವರೆ ಕೆಜಿ ಪ್ಲೇಟ್ ಇಟ್ಟೆ, ನೆಟ್ಟಗೆ ಕೂತರು. ‘ಅಯ್ಯೋ, ಇಷ್ಟೇನಾ!’ ಅಂದರು. ಅವರನ್ನು ಕೇಳಿಕೊಂಡೇ ಮಧ್ಯಾಹ್ನ ಜಿಮ್ ಖಾಲಿ ಇದ್ದಾಗ ಅದನ್ನು ನಾನೇ ಮಾಡಿ ತೋರಿಸುವ ರೀಲ್ ತೆಗೆದೆ. ಫ್ಯಾನ್ ಆಫ್ ಮಾಡಿ, ಕನ್ನಡದಲ್ಲೇ ಮಾತಾಡಿದೆ. ಅದನ್ನು ನೋಡಿ ಕ್ಲಾಸ್‌ಗೆ ಸೇರಿದಷ್ಟು ಜನ ನಾನು ಶರ್ಟ್ ಬಿಚ್ಚಿ ನಿಂತ ಯಾವ ರೀಲ್‌ನಿಂದಲೂ ಸೇರಿಲ್ಲ. ಸಿಕ್ಸ್‌ಪ್ಯಾಕ್ ನೋಡೋರು ಸುಮ್ನೆ ನೋಡಿ ಹೋಗುತ್ತಾರೆ. ಮಂಡಿ ನೋವಿರೋರು ಫೀಸ್ ಎಷ್ಟು ಅಂತ ಕೇಳುತ್ತಾರೆ.

ಹಾಗಾಗಿ ಮೊದಲು ಐದಾರು ಜನರನ್ನು ಆನ್‌ಲೈನ್‌ನಲ್ಲಿ ತಗೊಳ್ಳಿ. ಮೂರು ತಿಂಗಳ ಫೀಸ್ ತಗೊಂಡು ವಾರ ವಾರ ವಿಡಿಯೋ ಕಾಲ್ ಮಾಡಿ. ಎಷ್ಟು ಮಂದಿ ಮತ್ತೆ ಫೀಸ್ ಕಟ್ಟುತ್ತಾರೆ ನೋಡಿ. ಆ ದುಡ್ಡು ಜಿಮ್‌ನಲ್ಲಿ ಸಿಗೋ ಸಂಬಳ, ಪರ್ಸನಲ್ ಟ್ರೈನಿಂಗ್ ಕಮಿಷನ್ ಎರಡನ್ನೂ ದಾಟಿ ಆರು ತಿಂಗಳು ನಿಂತರೆ ರಾಜೀನಾಮೆ ಬರೆಯಿರಿ. ಅಂದಹಾಗೆ, ಯಾವ ಸರ್ಟಿಫಿಕೇಟ್ ಮಾಡಿದ್ದೀರಿ ಅಂತ ಬರೆದಿಲ್ಲ. ಮಾಡಿಲ್ಲದಿದ್ದರೆ, ಹೊಸ ಕ್ಯಾಮೆರಾಕ್ಕೆ ಅಂತ ದುಡ್ಡು ಎತ್ತಿಟ್ಟಿದ್ದರೆ ಅದನ್ನು ಮೊದಲು ಸರ್ಟಿಫಿಕೇಟ್‌ಗೆ ಹಾಕಿ.